ಕಳೆದ ದನ ಹುಡುಕುವಾಗ ಕೈಯಲ್ಲಿದ್ದ ದುಡ್ಡೂ ಕಳೆಯದಿರಲಿ

ಮೇಯಲು ಬಿಟ್ಟ ಹಸು ಸಂಜೆ ಕೊಟ್ಟಿಗೆಗೆ ಬರಲಿಲ್ಲ ಅಂದ್ರೆ ಮನೆಯಲ್ಲಿ ಯಾರಿಗೂ ಅನ್ನ ಇಳಿಯಲ್ಲ. ಮೊದಲೆಲ್ಲ ಟಾರ್ಚ್ ಹಿಡಿದು ನಾಲ್ಕು ಜನ ನಾಲ್ಕು ದಿಕ್ಕಿಗೆ ಹೋಗ್ತಿದ್ದರು, ಮರುದಿನ ಪಕ್ಕದ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಈಗ ಟಾರ್ಚ್ ಜೊತೆಗೆ ಮೊಬೈಲೂ ಕೆಲಸ ಮಾಡುತ್ತೆ. ಫೋಟೊ, ಊರಿನ ಹೆಸರು, ಫೋನ್ ನಂಬರ್ ಹಾಕಿ ವಾಟ್ಸಾಪ್ ಗ್ರೂಪಿಗೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಇಡೀ ತಾಲ್ಲೂಕಿಗೆ ಗೊತ್ತಾಗುತ್ತೆ. ಇದರಿಂದ ಎಷ್ಟೋ ದನ, ಕುರಿ, ನಾಯಿಗಳು ಮನೆ ಸೇರುತ್ತವೆ. ಹಾಗಾಗಿ ಮೊಬೈಲ್ ಬಳಸಬೇಡಿ ಅಂತ ಹೇಳೋದು ಈ ಲೇಖನದ ಉದ್ದೇಶ ಅಲ್ಲ.

ಆದರೆ ಅದೇ ಸಂದೇಶ ಕೈಯಿಂದ ಕೈಗೆ ಹೋಗಿ, ಕಳೆದುಕೊಂಡವರ ದುಡ್ಡು ಕೀಳೋದನ್ನೇ ಕಸುಬು ಮಾಡಿಕೊಂಡವರಿಗೂ ಮುಟ್ಟುತ್ತೆ. "ನಿಮ್ಮ ಹಸು ನಮ್ಮ ತೋಟದಲ್ಲಿದೆ, ಗಾಡಿ ಬಾಡಿಗೆ ಹಾಕಿ" ಅಂತ ಫೋನ್ ಬರುತ್ತೆ. ದುಡ್ಡು ಹೋಗುತ್ತೆ, ಹಸು ಬರಲ್ಲ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹಸು ಯಾವುದೋ ದೂರದ ಊರಲ್ಲಿದೆ ಅಂತ ನಂಬಿ ನಾವು ಹತ್ತಿರದಲ್ಲಿ ಹುಡುಕೋದನ್ನೇ ನಿಲ್ಲಿಸುತ್ತೇವೆ. ಕಳೆದ ಪ್ರಾಣಿ ಸಿಗುವ ಸಾಧ್ಯತೆ ಹೆಚ್ಚಿರೋದು ಮೊದಲ ಒಂದೆರಡು ದಿನದಲ್ಲಿ. ಆ ದಿನಗಳೇ ಮೋಸಗಾರನ ಜೊತೆ ಮಾತಾಡುವುದರಲ್ಲಿ ಕಳೆದುಹೋಗುತ್ತವೆ.

ಈ ವಾರ ಈ ಮೋಸ ಹೇಗೆ ನಡೆಯುತ್ತೆ, ಅದನ್ನು ಫೋನಿನಲ್ಲೇ ಹೇಗೆ ಹಿಡಿಯೋದು, ಪೋಸ್ಟ್ ಹೇಗೆ ಬರೆಯಬೇಕು, ದುಡ್ಡು ಹೋಗೇಬಿಟ್ಟರೆ ತಕ್ಷಣ ಏನು ಮಾಡಬೇಕು ಅನ್ನೋದನ್ನು ಒಂದೊಂದಾಗಿ ನೋಡೋಣ.

ಮಾತು ಹೇಗೆ ಸಾಗುತ್ತೆ ಗಮನಿಸಿ

ಇಂಥ ಕರೆಗಳು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತವೆ. ಉದಾಹರಣೆಗೆ ಹೀಗೆ:

"ಅಣ್ಣ, ಹಸು ಕಳೆದಿದೆ ಅಂತ ಹಾಕಿದ್ರಲ್ಲ, ನೀವೇನಾ?"

"ಹೂಂ ಅಣ್ಣ, ನಾವೇ. ಸಿಕ್ತಾ? ಕಪ್ಪು-ಬಿಳಿ ಎಚ್‌ಎಫ್, ಎಡಗೊಂಬು ಮುರಿದಿದೆ, ಕೊರಳಲ್ಲಿ ಹಸಿರು ಹಗ್ಗ ಇದೆ."

"ಅದೇ ಅಣ್ಣ, ಅದೇ! ಎಡಗೊಂಬು ಮುರಿದಿದೆ, ಹಸಿರು ಹಗ್ಗಾನೇ. ನಮ್ಮ ತೋಟಕ್ಕೆ ನುಗ್ಗಿತ್ತು, ಕಟ್ಟಾಕಿದೀನಿ. ಪಾಪ, ಹೊಟ್ಟೆಗೇನೂ ಇಲ್ಲ ಅದಕ್ಕೆ."

ಇಲ್ಲಿ ಏನಾಯ್ತು? ಗುರುತು ಹೇಳಿದ್ದು ಯಾರು? ರೈತನೇ. ಅವನು ಹೇಳಿದ್ದನ್ನೇ ಈ ಕಡೆಯವನು ತಿರುಗಿ ಒಪ್ಪಿಸಿದ. ಆದರೆ ಆತಂಕದಲ್ಲಿರುವ ಕಿವಿಗೆ ಅದು "ಅವನು ಸರಿಯಾಗಿ ಹೇಳಿದ" ಅಂತ ಕೇಳಿಸುತ್ತೆ.

ಆಮೇಲೆ ಮಾತು ದುಡ್ಡಿಗೆ ಬರುತ್ತೆ. ಮೊದಲು ಕೇಳೋದು ಸಣ್ಣ ಮೊತ್ತ. ಹಿಂಡಿಗೆ 500, ಟಾಟಾ ಏಸ್ ಗಾಡಿ ಡೀಸೆಲ್‌ಗೆ 1,500. "60 ಸಾವಿರದ ಹಸುಗೆ 2 ಸಾವಿರ ಏನು ಮಹಾ" ಅಂತ ನಮ್ಮ ಮನಸ್ಸೇ ಲೆಕ್ಕ ಹಾಕಿಕೊಡುತ್ತೆ. ಅದನ್ನು ಹಾಕಿದ ಮೇಲೆ ಗಾಡಿ ಟೈರ್ ಪಂಕ್ಚರ್ ಆಗುತ್ತೆ, ದಾರಿಯಲ್ಲಿ ಪೊಲೀಸರು ಹಿಡೀತಾರೆ, ದಂಡ ಕಟ್ಟಬೇಕಾಗುತ್ತೆ. ಪ್ರತಿ ಸಲವೂ ಇನ್ನೊಂದಿಷ್ಟು ಹಾಕಿದರೆ ಹಸು ಬಂತು ಅನ್ನೋ ಆಸೆ. ಹಾಕಿದ ದುಡ್ಡು ದಂಡ ಆಗಬಾರದು ಅಂತಲೇ ಮತ್ತೆ ಹಾಕ್ತೇವೆ. ಕೊನೆಗೆ ಫೋನ್ ಸ್ವಿಚ್ ಆಫ್.

ಓದಿದವರು, ಬುದ್ಧಿವಂತರು ಕೂಡ ಇದರಲ್ಲಿ ಬೀಳ್ತಾರೆ, ಯಾಕಂದ್ರೆ ಇವರು ಹಿಡಿಯೋದು ನಮ್ಮ ಅವಸರವನ್ನು. ಹಾಗಾಗಿ ಮೊದಲೇ ಒಂದು ನಿಯಮ ಮಾಡಿಕೊಂಡಿರಬೇಕು: ಪ್ರಾಣಿಯನ್ನು ಕಣ್ಣಾರೆ ನೋಡುವ ಮುಂಚೆ ಒಂದು ರೂಪಾಯಿಯೂ ಇಲ್ಲ. ಈ ಒಂದು ಮಾತಿಗೆ ಮನೆಯವರೆಲ್ಲ ಗಟ್ಟಿಯಾಗಿ ನಿಂತರೆ ಮುಕ್ಕಾಲು ಪಾಲು ಮೋಸ ಅಲ್ಲೇ ಮುಗಿಯಿತು.

ಮೋಸದ ಬಗೆಗಳು

*1. ನಿಮ್ಮ ಫೋಟೊ ನಿಮಗೇ.* ಫೋಟೊ ಕಳಿಸಿ ಅಂದ್ರೆ ನಿಮ್ಮ ಪೋಸ್ಟಿನಲ್ಲಿರುವ ಫೋಟೊವನ್ನೇ ಕತ್ತರಿಸಿ, ಎಡ-ಬಲ ತಿರುಗಿಸಿ, ಹಿಂದಿನ ಜಾಗ ಬದಲಾಯಿಸಿ ಕಳಿಸ್ತಾರೆ. ಈಗ ಎಐ ಆಪ್‌ಗಳಲ್ಲಿ ಇದು ಎರಡು ನಿಮಿಷದ ಕೆಲಸ. ಎಡಗೊಂಬು ಮುರಿದ ಹಸು ಫೋಟೊದಲ್ಲಿ ಬಲಗೊಂಬು ಮುರಿದಂತೆ ಕಾಣ್ತಿದ್ದರೆ ಫೋಟೊ ತಿರುವಿದ್ದಾರೆ ಅಂತಲೇ ಅರ್ಥ.

*2. ಕ್ಯೂಆರ್ ಕೋಡ್ ಮತ್ತು ಪಿನ್.* "ನಿಮ್ಮ ಅಕೌಂಟ್ ಸರಿ ಇದೆಯಾ ನೋಡೋಕೆ 1 ರೂಪಾಯಿ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂತಾರೆ. ನೆನಪಿಡಿ: ದುಡ್ಡು ಬರಬೇಕಾದರೆ ಸ್ಕ್ಯಾನ್ ಮಾಡೋದೂ ಬೇಡ, ಯುಪಿಐ ಪಿನ್ ಒತ್ತೋದೂ ಬೇಡ. ಯಾರಾದರೂ ದುಡ್ಡು ಕೊಡ್ತೀನಿ ಅಂತ ಪಿನ್ ಒತ್ತಿಸಿದರೆ, ಹೋಗೋದು ನಿಮ್ಮ ದುಡ್ಡೇ.

*3. ಫೋಟೊ ಹೆಸರಿನ ಫೈಲು.* "ಹಸು ವಿಡಿಯೊ ಕಳಿಸಿದೀನಿ ನೋಡಿ" ಅಂತ ವಾಟ್ಸಾಪಿಗೆ ಒಂದು ಫೈಲ್ ಬರುತ್ತೆ. ಒತ್ತಿದರೆ "ಇನ್‌ಸ್ಟಾಲ್ ಮಾಡಲೇ?" ಅಂತ ಕೇಳುತ್ತೆ. ಅದು ವಿಡಿಯೊ ಅಲ್ಲ, ಎಪಿಕೆ ಫೈಲು, ಅಂದರೆ ಒಂದು ಆಪ್. ಹಾಕಿಕೊಂಡರೆ ನಿಮಗೆ ಬರುವ ಒಟಿಪಿ ಮೆಸೇಜುಗಳು ಅವರಿಗೂ ಹೋಗಬಹುದು. ಫೋಟೊ, ವಿಡಿಯೊ ನೋಡೋಕೆ ಯಾವತ್ತೂ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. "ಸ್ಕ್ರೀನ್ ಶೇರ್ ಮಾಡಿ, ನಾನೇ ತೋರಿಸ್ತೀನಿ" ಅಂದರೂ ಇದೇ ಕಥೆ.

*4. ಆರು ಅಂಕಿಯ ಕೋಡ್.* "ನೀವೇ ನಿಜವಾದ ಮಾಲೀಕರು ಅಂತ ನನಗೂ ಗ್ಯಾರಂಟಿ ಬೇಕಲ್ವಾ? ಒಂದು ಕೋಡ್ ಬರುತ್ತೆ, ಹೇಳಿ" ಅಂತಾರೆ. ಕೇಳೋಕೆ ನ್ಯಾಯ ಅನ್ನಿಸುತ್ತೆ. ಆದರೆ ಆ ಕೋಡ್ ನಿಮ್ಮ ವಾಟ್ಸಾಪನ್ನು ಅವರ ಮೊಬೈಲಿನಲ್ಲಿ ತೆರೆಯುವ ಬೀಗದ ಕೈ. ಹೇಳಿದ ಮೇಲೆ ನಿಮ್ಮ ಹೆಸರಲ್ಲಿ ನಿಮ್ಮ ಬಂಧುಗಳಿಗೆಲ್ಲ "ಅರ್ಜೆಂಟ್ ದುಡ್ಡು ಬೇಕು" ಅಂತ ಮೆಸೇಜ್ ಹೋಗುತ್ತೆ.

*5. ಪೊಲೀಸ್, ಗೋಶಾಲೆ, ಪಂಚಾಯ್ತಿ ಅಂತ ಹೇಳಿಕೊಂಡು.* "ನಿಮ್ಮ ಎತ್ತು ಗೋಶಾಲೆಗೆ ಬಂದಿದೆ, ದಂಡ ಕಟ್ಟದಿದ್ದರೆ ಇವತ್ತೇ ಹರಾಜು" ಅಂತ ಹೆದರಿಸ್ತಾರೆ. ಡಿಪಿಯಲ್ಲಿ ಖಾಕಿ ಬಟ್ಟೆಯ ಫೋಟೊ ಇರುತ್ತೆ. ಟ್ರೂಕಾಲರಿನಲ್ಲಿ ಗೋಶಾಲೆ ಅಂತಲೇ ಹೆಸರು ಬರಬಹುದು, ಆದರೆ ಅಲ್ಲಿ ಕಾಣುವ ಹೆಸರನ್ನು ಯಾರು ಬೇಕಾದರೂ ತಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಅದು ಗುರುತಿನ ಚೀಟಿ ಅಲ್ಲ. ಕೊಂಡವಾಡದ ದಂಡ ಆಗಲಿ, ಬೇರೆ ಯಾವುದೇ ದಂಡ ಆಗಲಿ, ಕಚೇರಿಗೆ ಹೋಗಿ ಕಟ್ಟಿ ರಸೀದಿ ಪಡೆಯುವಂಥದ್ದು. ಯಾರದೋ ಸ್ವಂತ ನಂಬರಿಗೆ ಫೋನ್‌ಪೇ ಮಾಡುವಂಥದ್ದಲ್ಲ.

*6. ಗಾಯ, ಆಪರೇಷನ್.* ನಾಯಿ ಕಳೆದುಕೊಂಡವರಿಗೆ ಈ ಕರೆ ಜಾಸ್ತಿ. "ನಿಮ್ಮ ನಾಯಿಗೆ ಬೈಕ್ ಗುದ್ದಿದೆ, ಡಾಕ್ಟರ್ ಹತ್ರ ತಂದಿದೀನಿ, ಈಗಲೇ 8 ಸಾವಿರ ಹಾಕದಿದ್ದರೆ ಉಳಿಯಲ್ಲ." ಮುಧೋಳ ನಾಯಿಯಂಥ ಬೆಲೆಬಾಳುವ ತಳಿ ಅಂತ ಪೋಸ್ಟಿನಲ್ಲಿ ಇದ್ದರೆ ಮೊತ್ತವೂ ಏರುತ್ತೆ. ಇಂಥ ಕರೆ ಬಂದರೆ ಆಸ್ಪತ್ರೆಯ ಹೆಸರು ಮತ್ತು ಊರು ಕೇಳಿ, ಫೋನ್ ಇಟ್ಟು, ಆ ಆಸ್ಪತ್ರೆಯ ನಂಬರನ್ನು ನೀವೇ ಬೇರೆ ಕಡೆಯಿಂದ ಹುಡುಕಿ ಕರೆ ಮಾಡಿ. ಅವನು ಕೊಟ್ಟ ನಂಬರಿಗೆ ಮಾಡಿದರೆ ಅವನ ಜೊತೆಗಾರನೇ ಡಾಕ್ಟರ್ ಆಗಿ ಮಾತಾಡ್ತಾನೆ.

*7. ಸ್ಯಾಟಲೈಟಿನಲ್ಲಿ ಹುಡುಕಿಕೊಡ್ತೀವಿ ಅನ್ನುವವರು.* "ಕಿವಿಯೋಲೆ ನಂಬರ್ ಕೊಡಿ, ಲೊಕೇಶನ್ ತೆಗೀತೀವಿ, ಫೀಸು 3 ಸಾವಿರ." ಇದು ಸಾಧ್ಯವೇ ಇಲ್ಲ. ಕಿವಿಯೋಲೆ ಅನ್ನೋದು 12 ಅಂಕಿ ಅಚ್ಚಾದ ಒಂದು ಪ್ಲಾಸ್ಟಿಕ್ ಬಿಲ್ಲೆ. ಅದರಲ್ಲಿ ಬ್ಯಾಟರಿ ಇಲ್ಲ, ಸಿಮ್ ಇಲ್ಲ. ಪಶು ಆಸ್ಪತ್ರೆಯವರು ಆ ನಂಬರ್ ಹಾಕಿ ನೋಡಿದರೆ ದನ ಯಾರ ಹೆಸರಲ್ಲಿ ನೋಂದಣಿ ಆಗಿದೆ ಅಂತ ಗೊತ್ತಾಗುತ್ತೆ. ದನ ಈಗ ಎಲ್ಲಿದೆ ಅಂತ ಗೊತ್ತಾಗಲ್ಲ. ನಾಯಿಗಳ ಚರ್ಮದಡಿ ಹಾಕುವ ಮೈಕ್ರೊಚಿಪ್ಪೂ ಅಷ್ಟೇ. ಅದು ಅಕ್ಕಿಕಾಳಿನಷ್ಟು ದೊಡ್ಡದು, ಅದರಲ್ಲಿರೋದು 15 ಅಂಕಿಯ ಒಂದು ನಂಬರ್ ಮಾತ್ರ. ಓದುವ ಯಂತ್ರವನ್ನು ಮೈಗೆ ತಾಗಿಸುವಷ್ಟು ಹತ್ತಿರ ಹಿಡಿದರೆ ಮಾತ್ರ ನಂಬರ್ ಕಾಣುತ್ತೆ. ಜಾಗ ತೋರಿಸೋದು ಜಿಪಿಎಸ್ ಇರುವ ಕೊರಳಪಟ್ಟಿ. ಅದನ್ನು ಕಳೆಯುವ ಮುಂಚೆ ಕಟ್ಟಿರಬೇಕು, ಚಾರ್ಜೂ ಇರಬೇಕು, ಸಿಗ್ನಲ್ಲೂ ಇರಬೇಕು.

*8. ಆನ್‌ಲೈನ್ ಅಂಜನ.* ಕಳೆದ ದನ ಎಲ್ಲಿದೆ ಅಂತ ಅಂಜನ ಹಾಕಿಸಿ ಕೇಳೋದು ನಮ್ಮ ಹಳ್ಳಿಗಳಲ್ಲಿ ಹಳೇ ರೂಢಿ. ಈಗ ಫೇಸ್‌ಬುಕ್‌ನಲ್ಲಿ "24 ಗಂಟೆಯಲ್ಲಿ ಕಳೆದ ವಸ್ತು ಪತ್ತೆ" ಅಂತ ಜಾಹೀರಾತು ಬರುತ್ತೆ. ಮೊದಲು 501 ರೂಪಾಯಿ, ಆಮೇಲೆ ಪೂಜೆ ಸಾಮಾನು, ಆಮೇಲೆ ದೋಷ ಪರಿಹಾರ. "ಮೂಡಲ ದಿಕ್ಕಿಗೆ ನೀರಿನ ಪಕ್ಕ ಇದೆ" ಅನ್ನೋ ಮಾತು ಯಾವ ಊರಿಗೂ ಹೊಂದುತ್ತೆ. ಮನೆಯ ಹಿರಿಯರ ನಂಬಿಕೆ ಬಗ್ಗೆ ಜಗಳ ಬೇಡ, ಆದರೆ ಮುಖ ಕಾಣದವರಿಗೆ ಮೊಬೈಲಿನಲ್ಲಿ ದುಡ್ಡು ಹಾಕೋದನ್ನು ಮಾತ್ರ ತಡೆಯಿರಿ.

ಗುಟ್ಟಿನ ಗುರುತು ಒಂದಿರಲಿ

ಮೋಸಗಾರನನ್ನು ಹಿಡಿಯೋಕೆ ಎಲ್ಲಕ್ಕಿಂತ ಒಳ್ಳೇ ಉಪಾಯ ಇದು, ಇದಕ್ಕೆ ಖರ್ಚೂ ಇಲ್ಲ. ನಿಮ್ಮ ಪ್ರಾಣಿಯ ಮೈಮೇಲಿನ ಒಂದು ಗುರುತನ್ನು ಪೋಸ್ಟಿನಲ್ಲಿ ಬರೆಯಬೇಡಿ, ಫೋಟೊದಲ್ಲೂ ಕಾಣದಂತೆ ನೋಡಿಕೊಳ್ಳಿ. ಪ್ರಾಣಿಯ ಮುಂದೆ ನಿಂತವನಿಗೆ ಮಾತ್ರ ಅದು ಕಾಣಬೇಕು.

ದನಕ್ಕೆ ಸುಳಿ ಒಳ್ಳೇ ಗುರುತು. ಎತ್ತು ಕೊಳ್ಳುವಾಗ ಸುಳಿ ನೋಡದೆ ದುಡ್ಡು ಎಣಿಸುವ ರೈತರು ಕಡಿಮೆ, ಹಾಗಾಗಿ ಮನೆಯಲ್ಲಿ ಯಾರಿಗಾದರೂ ಅದು ನೆನಪಿರುತ್ತೆ. ಬರೆ ಹಾಕಿದ ಕಲೆ, ಕೆಚ್ಚಲಿನ ಮೇಲಿನ ಮಚ್ಚೆ, ಬಾಲದ ತುದಿಯ ಬಣ್ಣ, ಗೊರಸಿನ ಸೀಳು, ಹಳೇ ಗಾಯದ ಗುರುತು, ಇವೂ ಆಗಬಹುದು. ಕುರಿ-ಮೇಕೆಗೆ ಕಿವಿ ಕತ್ತರಿಸಿದ ಗುರುತು ಯಾವ ಕಿವಿಯಲ್ಲಿದೆ ಅನ್ನೋದು. ನಾಯಿಗೆ ಹೊಟ್ಟೆಯ ಕೆಳಗಿನ ಮಚ್ಚೆ, ಕಾಲುಗುರಿನ ಬಣ್ಣ.

ಎಲ್ಲಕ್ಕಿಂತ ಖಚಿತ ಗುರುತು ಕಿವಿಯೋಲೆಯ ನಂಬರ್. ಇಲ್ಲಿ ಒಂದು ಎಚ್ಚರಿಕೆ. ನಾವು ಹಾಕುವ ಫೋಟೊದಲ್ಲೇ ಓಲೆ ನಂಬರ್ ದೊಡ್ಡದಾಗಿ ಕಾಣ್ತಿದ್ದರೆ ಅದು ಗುಟ್ಟಾಗಿ ಉಳಿಯಲ್ಲ. ಪೋಸ್ಟ್ ಹಾಕುವ ಮುಂಚೆ ಮೊಬೈಲಿನ ಎಡಿಟ್‌ನಲ್ಲಿ ಓಲೆಯ ಮೇಲೆ ಬಣ್ಣ ಬಳಿಯಿರಿ. ಪಶು ಆಸ್ಪತ್ರೆಗೆ ಮತ್ತು ಪೊಲೀಸರಿಗೆ ಮಾತ್ರ ಪೂರ್ತಿ ನಂಬರ್ ಕೊಡಿ.

ಪೋಸ್ಟ್ ಹೀಗೆ ಬರೆಯಿರಿ

ಕಡಿಮೆ ಮಾತು, ಬೇಕಾದ ವಿವರ. ಒಂದು ಮಾದರಿ:

"ಹಸು ಕಾಣೆಯಾಗಿದೆ. ಕಪ್ಪು-ಬಿಳಿ ಬಣ್ಣ, ಸುಮಾರು 5 ವರ್ಷ. ದಿನಾಂಕ ಇಂಥದ್ದು, ಮಧ್ಯಾಹ್ನ 3ರ ನಂತರ, ಇಂಥ ಊರಿನ ಕೆರೆ ಅಂಗಳದಿಂದ. ಕಂಡವರು ದಯವಿಟ್ಟು ಲೈವ್ ಲೊಕೇಶನ್ ಕಳಿಸಿ ಅಥವಾ ಈ ನಂಬರಿಗೆ ಕರೆ ಮಾಡಿ. ನಾವೇ ಬಂದು ನೋಡ್ತೇವೆ. ಮುಂಗಡ ಹಣ ಯಾರಿಗೂ ಕಳಿಸುವುದಿಲ್ಲ. ಠಾಣೆಗೂ ಪಶು ಆಸ್ಪತ್ರೆಗೂ ತಿಳಿಸಲಾಗಿದೆ."

ಕೊನೆಯ ಮೂರು ವಾಕ್ಯ ಬಿಡಬೇಡಿ. ಅವನ್ನು ಓದಿದ ಮೋಸಗಾರ ಸುಲಭದ ಬೇರೆಯವರನ್ನು ಹುಡುಕಿಕೊಂಡು ಹೋಗ್ತಾನೆ.

ಬರೆಯಬಾರದ್ದೂ ಇದೆ. "ಎಷ್ಟು ದುಡ್ಡಾದರೂ ಕೊಡ್ತೇವೆ", "ಅಮ್ಮ ಊಟ ಬಿಟ್ಟಿದಾರೆ" ಅಂತ ಬರೆದರೆ ನಿಮ್ಮ ಅವಸರ ಎಷ್ಟಿದೆ ಅಂತ ನೀವೇ ಹೇಳಿಕೊಟ್ಟಂತೆ. ಬಹುಮಾನದ ಮೊತ್ತ ಹಾಕಬೇಡಿ. ಹಾಕಲೇಬೇಕು ಅಂದರೆ "ಸೂಕ್ತ ಬಹುಮಾನ" ಅಂದರೆ ಸಾಕು. ಆಧಾರ್, ಪಾಸ್‌ಬುಕ್, ವಿಮೆ ಕಾಗದದ ಫೋಟೊ ಪೋಸ್ಟಿಗೆ ಬೇಡ. ಬ್ಯಾಂಕಿಗೆ ಜೋಡಿಸದ ಇನ್ನೊಂದು ನಂಬರ್ ಮನೆಯಲ್ಲಿದ್ದರೆ ಅದನ್ನೇ ಕೊಡಿ. ವಾಟ್ಸಾಪಿನಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ ಅನ್ನೋದನ್ನು ಆನ್ ಮಾಡಿ, ಆರಂಕಿಯ ಪಿನ್ ಇಟ್ಟುಕೊಳ್ಳಿ.

ಪ್ರಾಣಿ ಸಿಕ್ಕ ಮೇಲೆ ಎಲ್ಲ ಗ್ರೂಪಿಗೂ "ಸಿಕ್ಕಿದೆ" ಅಂತ ಹಾಕಿ. ಇಲ್ಲದಿದ್ದರೆ ಆ ಸಂದೇಶ ತಿಂಗಳುಗಟ್ಟಲೆ ಸುತ್ತುತ್ತಾ ಇರುತ್ತೆ, ನಿಮಗೆ ಕರೆಗಳೂ ಬರ್ತಾ ಇರುತ್ತವೆ.

ಕರೆ ಬಂದಾಗ ನೀವು ಕೇಳಿ, ಅವರು ಹೇಳಲಿ

ಕರೆ ಬಂತು ಅಂದ ಕೂಡಲೇ ಗುರುತು ಹೇಳೋಕೆ ಶುರು ಮಾಡಬೇಡಿ. ಈ ಕ್ರಮದಲ್ಲಿ ಹೋಗಿ:

- ಯಾವ ಊರು, ಯಾವ ಹೋಬಳಿ, ಯಾರ ತೋಟ? ನಿಜವಾಗಿ ಅಲ್ಲಿರುವವನಿಗೆ ಇದು ಕಷ್ಟದ ಪ್ರಶ್ನೆಯೇ ಅಲ್ಲ.
- ಕಿವಿಯಲ್ಲಿ ಓಲೆ ಇದೆಯಾ, ಯಾವ ಕಿವಿ, ಕೊನೆಯ ನಾಲ್ಕು ಅಂಕಿ ಎಷ್ಟು?
- ಗುಟ್ಟಿನ ಗುರುತಿನ ಪ್ರಶ್ನೆ. "ಹಿಂಗಾಲಲ್ಲಿ ಗಾಯದ ಕಲೆ ಇದೆಯಾ?" ಅಂತ ಉತ್ತರ ಎತ್ತಿಕೊಡಬೇಡಿ. "ಹಿಂಗಾಲು ಹೇಗಿದೆ, ಏನು ಕಾಣುತ್ತೆ?" ಅಂತ ಕೇಳಿ.
- ಇಲ್ಲದ ಗುರುತನ್ನೂ ಒಂದು ಸಲ ಕೇಳಿ ನೋಡಿ. "ಕೊರಳಲ್ಲಿ ಗಂಟೆ ಇತ್ತಲ್ಲ, ಇದೆಯಾ?" ಅಂತ. ನಿಮ್ಮ ಹಸುಗೆ ಗಂಟೆಯೇ ಕಟ್ಟಿಲ್ಲದಾಗ ಅವನು "ಇದೆ ಇದೆ" ಅಂದರೆ ಅಲ್ಲಿಗೆ ಮಾತು ಮುಗಿಸಿ.
- ವಿಡಿಯೊ ಕಾಲ್ ಮಾಡಿಸಿ. ಮೊದಲೇ ಚಿತ್ರಿಸಿದ ವಿಡಿಯೊ ಬೇಡ. ಕರೆಯಲ್ಲೇ "ಹಿಂದಕ್ಕೆ ಹೋಗಿ ಬಾಲ ತೋರಿಸಿ, ಈಗ ಎಡಗಿವಿ ತೋರಿಸಿ" ಅಂತ ಹೇಳಿ. ನೀವು ಹೆಸರು ಹಿಡಿದು ಕೂಗಿ, ಕಿವಿ ನಿಮಿರುತ್ತಾ ನೋಡಿ.

"ನೆಟ್‌ವರ್ಕ್ ಇಲ್ಲ", "ಕ್ಯಾಮೆರಾ ಕೆಟ್ಟಿದೆ" ಅನ್ನೋದು ಹಳ್ಳಿಯಲ್ಲಿ ನಿಜವೂ ಆಗಿರಬಹುದು. ಕೀಪ್ಯಾಡ್ ಫೋನಿನ ಹಿರಿಯರು ನಿಜವಾಗಿಯೂ ನಿಮ್ಮ ಹಸುವನ್ನು ಕಟ್ಟಿಹಾಕಿ ಫೋನ್ ಮಾಡಿರಬಹುದು. ಹಾಗಾಗಿ ವಿಡಿಯೊ ಇಲ್ಲ ಅಂದ ಮಾತ್ರಕ್ಕೆ ಬೈದು ಫೋನ್ ಇಡಬೇಡಿ. "ಆಯ್ತು ಯಜಮಾನ್ರೇ, ನಾವೇ ಹೊರಟು ಬರ್ತೀವಿ, ಊರಿನ ದಾರಿ ಹೇಳಿ" ಅನ್ನಿ. ನಿಜವಾದವರು ದಾರಿ ಹೇಳ್ತಾರೆ, "ಬೇಗ ಬನ್ನಿ, ನಮ್ಮ ದನಗಳ ಜೊತೆ ಗುದ್ದಾಡ್ತಿದೆ" ಅಂತಾರೆ. ಮೋಸದವನು "ಬರೋದು ಬೇಡ, ನಾವೇ ಕಳಿಸ್ತೀವಿ, ದುಡ್ಡು ಹಾಕಿ" ಅಂತಾನೆ. ಇಬ್ಬರ ವ್ಯತ್ಯಾಸ ಇಲ್ಲೇ ಗೊತ್ತಾಗುತ್ತೆ.

ಹೊರಡುವ ಮುಂಚೆ ಆ ಊರಲ್ಲಿ ಪರಿಚಯದವರು ಇದ್ದಾರಾ ನೋಡಿ. ನಂಟರು, ಹಾಲಿನ ಡೈರಿ ಕಾರ್ಯದರ್ಶಿ, ಗೊಬ್ಬರದ ಅಂಗಡಿಯವರು, ಪಂಚಾಯ್ತಿ ಸದಸ್ಯರು, ಯಾರಾದರೂ ಒಬ್ಬರು ಹೋಗಿ ನೋಡಿ ಬಂದರೆ ನಿಮ್ಮ ಅರ್ಧ ದಿನ ಉಳಿಯುತ್ತೆ. ಹೋಗುವಾಗ ಹಗಲು ಹೊತ್ತಲ್ಲಿ, ಕನಿಷ್ಠ ಇಬ್ಬರು ಮೂವರು ಹೋಗಿ. ರಾತ್ರಿ ಹೊತ್ತು ಬೈಪಾಸ್ ಹತ್ರ ದುಡ್ಡು ಹಿಡಿದುಕೊಂಡು ಒಬ್ಬರೇ ಬನ್ನಿ ಅಂದರೆ ಹೋಗಲೇಬೇಡಿ. ಅದು ದುಡ್ಡಿನ ಮೋಸ ಅಷ್ಟೇ ಅಲ್ಲ, ಜೀವಕ್ಕೂ ಅಪಾಯ. ಹಾಗೆ ಕರೆ ಬಂದರೆ ಠಾಣೆಗೆ ತಿಳಿಸಿ, ತುರ್ತಾಗಿದ್ದರೆ 112ಕ್ಕೆ ಕರೆ ಮಾಡಿ.

ಪ್ರಾಣಿ ನಿಮ್ಮದೇ ಅಂತ ಖಾತ್ರಿ ಆದ ಮೇಲೆ, ಹುಲ್ಲು-ನೀರು ಹಾಕಿ ಕಾಪಾಡಿದವರಿಗೆ ಮರ್ಯಾದೆಯಿಂದ ಏನಾದರೂ ಕೊಡೋದು ನಮ್ಮ ಪದ್ಧತಿ. ಬೆಳೆ ಮೇಯ್ದಿದ್ದರೆ ಅದಕ್ಕೂ ಊರಿನ ಹಿರಿಯರ ಮುಂದೆ ಕೂತು ಮಾತಾಡಿ ಮುಗಿಸಿ. ಇದೆಲ್ಲ ಕೊಟ್ಟಿಗೆ ಮುಂದೆ ನಿಂತು ಕೈಯಲ್ಲಿ ಕೊಡುವ ದುಡ್ಡು.

ಅಷ್ಟರಲ್ಲಿ ಹುಡುಕಾಟ ನಿಲ್ಲದಿರಲಿ

ಫೋನ್ ನೋಡಿಕೊಳ್ಳೋಕೆ ಮನೆಯಲ್ಲಿ ಒಬ್ಬರನ್ನು ಬಿಡಿ. ಉಳಿದವರು ಹೊರಗೆ ಹೋಗಿ. ನೀರಿರುವ ಜಾಗ, ಹಸಿರು ಬೆಳೆ ಇರುವ ಹೊಲ, ಬೇರೆ ದನಗಳ ಮಂದೆ, ಪಾಳುಬಾವಿ, ಕೃಷಿ ಹೊಂಡ ಮೊದಲು ನೋಡಿ. ಹೊಂಡಕ್ಕೆ ಬಿದ್ದ ದನಕ್ಕೆ ಗಂಟೆಗಳ ಲೆಕ್ಕವೂ ಮುಖ್ಯ. ಇತ್ತೀಚೆಗೆ ಕೊಂಡು ತಂದ ಹಸು ಆಗಿದ್ದರೆ ಹಳೇ ಮಾಲೀಕರ ಊರಿನ ದಾರಿ ಹಿಡಿದಿರಬಹುದು, ಅವರಿಗೆ ಫೋನ್ ಮಾಡಿ. ಬೆದೆಗೆ ಬಂದ ಹಸು ಹೋರಿ ಇರುವ ಕಡೆ ಹೋಗುತ್ತೆ. ಗಂಡು ನಾಯಿಯೂ ಹಾಗೇ ಹೆಣ್ಣು ನಾಯಿ ಹಿಂದೆ ದೂರ ಹೋಗಿರುತ್ತೆ.

ಸುದ್ದಿ ಮುಟ್ಟಿಸೋಕೆ ಹಾಲಿನ ಡೈರಿಯಷ್ಟು ಒಳ್ಳೇ ಜಾಗ ಇಲ್ಲ. ಬೆಳಗ್ಗೆ ಸಂಜೆ ಊರಿನ ದನ ಸಾಕುವವರೆಲ್ಲ ಅಲ್ಲೇ ಸೇರ್ತಾರೆ. ಸುತ್ತಲಿನ ನಾಲ್ಕೈದು ಊರಿನ ಡೈರಿಗಳಲ್ಲಿ ಚೀಟಿ ಅಂಟಿಸಿ. ಪಂಚಾಯ್ತಿಗೆ ಹೋಗಿ ಕೊಂಡವಾಡದಲ್ಲಿ ದನ ಇದೆಯಾ ಕೇಳಿ, ಹತ್ತಿರದ ಗೋಶಾಲೆಗೂ ಹೋಗಿ ಬನ್ನಿ. ಕೇಳೋರಿಲ್ಲದ ದನವನ್ನು ಹರಾಜು ಹಾಕಲು ಕಾನೂನಿನಲ್ಲಿ ಅವಕಾಶ ಇದೆ, ಅದಕ್ಕೇ ತಡ ಮಾಡಬಾರದು. ಕಳ್ಳತನದ ಅನುಮಾನ ಇದ್ದರೆ ಸುತ್ತಲಿನ ದನದ ಸಂತೆ, ಕುರಿ ಸಂತೆಗೆ ಬೆಳಗಿನ ಜಾವವೇ ಹೋಗಿ. ಟೋಲ್, ಪೆಟ್ರೋಲ್ ಬಂಕ್, ದೊಡ್ಡ ಅಂಗಡಿಗಳ ಕ್ಯಾಮೆರಾ ದೃಶ್ಯ ಹಳೆಯದಾದ ಹಾಗೆ ಅಳಿಸಿಹೋಗುತ್ತೆ, ಬೇಗ ನೋಡಿಸಿ.

ಠಾಣೆಗೆ ದೂರು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಕಳ್ಳತನಕ್ಕೆ ಕಲಂ 303, ಮೋಸಕ್ಕೆ ಕಲಂ 318, ಇನ್ನೊಬ್ಬರ ಸ್ವತ್ತನ್ನು ಅಪ್ರಾಮಾಣಿಕವಾಗಿ ತನ್ನದಾಗಿಸಿಕೊಂಡರೆ ಕಲಂ 314 ಇದೆ. ಮಾಲೀಕ ಯಾರು ಅಂತ ಗೊತ್ತಿದ್ದೂ ಸಿಕ್ಕ ದನವನ್ನು ಇಟ್ಟುಕೊಳ್ಳೋದು, ಮಾರೋದು ಕೂಡ ಅಪರಾಧವೇ. ಕಳೆದ ದನಕ್ಕೆ ವಿಮೆ ಇದ್ದರೆ ವಿಮೆಯವರಿಗೂ ಅದೇ ದಿನ ತಿಳಿಸಿ.

ದುಡ್ಡು ಹೋಗಿದೆ ಅಂತ ಗೊತ್ತಾದರೆ

ನಾಚಿಕೆಗೆ ಸುಮ್ಮನಿರಬೇಡಿ. "ನಾಲ್ಕು ಜನ ನಗ್ತಾರೆ" ಅಂತ ಮುಚ್ಚಿಟ್ಟಷ್ಟೂ ದುಡ್ಡು ಕೈಗೆ ಸಿಗದಷ್ಟು ದೂರ ಹೋಗುತ್ತೆ. ಕ್ರಮ ಇದು:

ಮೊದಲು 1930ಕ್ಕೆ ಕರೆ ಮಾಡಿ. ಇದು ಆನ್‌ಲೈನ್ ಹಣದ ಮೋಸಕ್ಕೆಂದೇ ಇರುವ ಸಹಾಯವಾಣಿ. ನೀವು ಕೊಟ್ಟ ಮಾಹಿತಿ ಬ್ಯಾಂಕುಗಳಿಗೆ ಹೋಗಿ, ದುಡ್ಡು ಮೋಸಗಾರನ ಖಾತೆಯಲ್ಲೇ ಇದ್ದರೆ ಅದನ್ನು ತಡೆಹಿಡಿಯುತ್ತಾರೆ. ಅವನು ತೆಗೆದುಕೊಂಡುಬಿಟ್ಟರೆ ಕಷ್ಟ, ಅದಕ್ಕೇ ನಿಮಿಷ ನಿಮಿಷವೂ ಮುಖ್ಯ. ಕರೆ ಮಾಡುವಾಗ ದುಡ್ಡು ಹೋದ ಸಮಯ, ಮೊತ್ತ, ಕಳಿಸಿದ ಯುಪಿಐ ಐಡಿ ಅಥವಾ ನಂಬರ್, ಯುಟಿಆರ್ ಅಂತ ಬರುವ 12 ಅಂಕಿಯ ವಹಿವಾಟು ನಂಬರ್ ಕೈಯಲ್ಲಿರಲಿ.

ಎರಡನೆಯದು ನಿಮ್ಮ ಬ್ಯಾಂಕ್. ಆಪ್ ಹಾಕಿಕೊಂಡಿದ್ದರೆ, ಪಿನ್ ಅಥವಾ ಒಟಿಪಿ ಹೇಳಿದ್ದರೆ, ಯುಪಿಐ ಮತ್ತು ಕಾರ್ಡ್ ನಿಲ್ಲಿಸೋಕೆ ಹೇಳಿ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನೇ ಪಿನ್, ಒಟಿಪಿ ಕೊಟ್ಟು ಆದ ನಷ್ಟ ಬ್ಯಾಂಕಿಗೆ ತಿಳಿಸುವ ತನಕ ಗ್ರಾಹಕನದೇ, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅಂದರೆ ತಿಳಿಸಿದ ಹೊತ್ತಿಗೇ ಬೆಲೆ ಇದೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಮೂರನೆಯದು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ದೂರು ಹಾಕಿ, ಹತ್ತಿರದ ಠಾಣೆಗೂ ಕೊಡಿ. ಚಾಟ್, ಕರೆ ಪಟ್ಟಿ, ಅವನು ಕಳಿಸಿದ ಫೋಟೊ ಯಾವುದನ್ನೂ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಗೊತ್ತಿಲ್ಲದ ಆಪ್ ಹಾಕಿದ್ದರೆ ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಈ ಕೆಲಸಗಳನ್ನೆಲ್ಲ ಮಾಡಿ.

ಇನ್ನೊಂದು ಮಾತು. ದುಡ್ಡು ಕಳೆದುಕೊಂಡವರಿಗೆ ಸ್ವಲ್ಪ ದಿನ ಬಿಟ್ಟು "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಫೀಸು ಕಟ್ಟಿ" ಅಂತ ಮತ್ತೊಂದು ಕರೆ ಬರಬಹುದು. ಅದೂ ಅದೇ ಗುಂಪಿನ ಕೆಲಸ ಆಗಿರಬಹುದು. 1930ಕ್ಕೆ ದೂರು ಕೊಡೋಕೆ ಒಂದು ಪೈಸೆ ಫೀಸಿಲ್ಲ.

ನಿಮಗೇ ದನ ಸಿಕ್ಕರೆ

ಮೋಸ ಈ ಕಡೆಯಿಂದಲೂ ನಡೆಯುತ್ತೆ. "ಒಂದು ಜೊತೆ ಟಗರು ಸಿಕ್ಕಿದೆ" ಅಂತ ಫೋಟೊ ಹಾಕಿದರೆ ತಮ್ಮದಲ್ಲದವರೂ ಗಾಡಿ ತಂದು ತುಂಬಿಕೊಂಡು ಹೋಗ್ತಾರೆ. ಆಮೇಲೆ ನಿಜವಾದ ಮಾಲೀಕ ಬಂದರೆ ಉತ್ತರ ಹೇಳಬೇಕಾದವರು ನೀವು. ಹಾಗಾಗಿ ಫೋಟೊದಲ್ಲಿ ಒಂದೇ ಮಗ್ಗುಲು ತೋರಿಸಿ, ಓಲೆ ನಂಬರ್ ಮುಚ್ಚಿ. ಬಂದವರು ಇನ್ನೊಂದು ಮಗ್ಗುಲಿನ ಗುರುತು ಹೇಳಲಿ, ಹಳೇ ಫೋಟೊ ತೋರಿಸಲಿ. ಓಲೆ ಇದ್ದರೆ ಪಶು ಆಸ್ಪತ್ರೆಯಲ್ಲಿ ಯಾರ ಹೆಸರಲ್ಲಿದೆ ನೋಡಿಸಿ. ಕೊಡುವಾಗ ಇಬ್ಬರು ಸಾಕ್ಷಿಗಳಿರಲಿ, ಬಂದವರ ಫೋಟೊ, ಗಾಡಿ ನಂಬರ್, ಒಂದು ಸಹಿ ತೆಗೆದಿಟ್ಟುಕೊಳ್ಳಿ.

ಈ ವಾರವೇ ಮಾಡಿಡಿ

ಕಳೆದ ಮೇಲೆ ಫೋಟೊ ಹುಡುಕಿದರೆ ಮದುವೆ ಫೋಟೊದ ಹಿಂದೆ ಅರ್ಧ ಹಸು ಸಿಗುತ್ತೆ ಅಷ್ಟೇ. ಈ ಭಾನುವಾರ ದನಕ್ಕೆ ಮೈ ತೊಳೆಯುವಾಗ ಹತ್ತು ನಿಮಿಷ ಕೊಡಿ. ಒಂದೊಂದು ಪ್ರಾಣಿಗೂ ಎಡ ಮಗ್ಗುಲು, ಬಲ ಮಗ್ಗುಲು, ಮುಖ, ಹಿಂಭಾಗ, ಸುಳಿ ಇರುವ ಜಾಗ, ಕಿವಿಯೋಲೆ, ಹೀಗೆ ಫೋಟೊ ತೆಗೆಯಿರಿ. ಮೂತಿಯನ್ನು ಹತ್ತಿರದಿಂದ ತೆಗೆಯಿರಿ. ಮನುಷ್ಯರ ಹೆಬ್ಬೆಟ್ಟಿನ ಹಾಗೆ ದನದ ಮೂತಿಯ ಗೆರೆಗಳೂ ಒಂದರದ್ದು ಇನ್ನೊಂದಕ್ಕೆ ಹೋಲಲ್ಲ. ಕಳ್ಳರು ಓಲೆ ಕತ್ತರಿಸಿದರೂ ಮೂತಿ, ಸುಳಿ ಮತ್ತು ಕಿವಿಯ ತೂತು ಉಳಿಯುತ್ತವೆ. ಓಲೆ ಬಿದ್ದುಹೋಗಿದ್ದರೆ ಪಶು ಆಸ್ಪತ್ರೆಯಲ್ಲಿ ಹೊಸದು ಹಾಕಿಸಿ, ನೋಂದಣಿಯಲ್ಲಿ ನಿಮ್ಮ ಹೆಸರು, ಈಗಿನ ಫೋನ್ ನಂಬರ್ ಇದೆಯಾ ಖಚಿತಪಡಿಸಿಕೊಳ್ಳಿ. ಕೊಂಡು ತಂದ ದನ ಇನ್ನೂ ಹಳೇ ಮಾಲೀಕರ ಹೆಸರಲ್ಲೇ ಇರುವ ಸಾಧ್ಯತೆ ಇದೆ, ಅದನ್ನೂ ಬದಲಾಯಿಸಿ.

ಆ ಫೋಟೊಗಳನ್ನು ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ. 1930, 112 ಮತ್ತು ಪಶು ವೈದ್ಯಕೀಯ ನೆರವಿನ 1962, ಈ ಮೂರು ನಂಬರನ್ನು ಕೊಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಅಪ್ಪ-ಅಮ್ಮ, ಅಜ್ಜಿ ಎಲ್ಲರ ಜೊತೆ ಕೂತು ಒಂದು ಮಾತು ಹೇಳಿಡಿ: ಏನೇ ಕಳೆದರೂ, ಯಾರೇ ಫೋನ್ ಮಾಡಿದರೂ, ನೋಡುವ ಮುಂಚೆ ದುಡ್ಡು ಕಳಿಸೋದಿಲ್ಲ.